ಆರ್‌ಪಿ ಕಣ್ಣಿನೊಳಗೆ ನೀರು ನಿಂತರೆ: ಹನಿಯಾ, ಮಾತ್ರೆಯಾ, ಇಂಜೆಕ್ಷನ್ನಾ?

"ನನಗೆ ಕಣ್ಣಿನ ಪ್ರೆಶರ್ ಇಲ್ಲ. ಆದರೂ ಡಾಕ್ಟ್ರು ಗ್ಲಾಕೋಮಾ ಹನಿ ಬರೆದಿದ್ದಾರೆ. ತಪ್ಪಾಗಿದೆಯಾ?" ರೆಟಿನೈಟಿಸ್ ಪಿಗ್ಮೆಂಟೋಸಾ ಇರುವವರು, ಅಂದರೆ ಎಲ್ಲರೂ ಆರ್‌ಪಿ ಅಂತ ಕರೆಯುವ, ಕಣ್ಣಿನ ಹಿಂಭಾಗದ ಬೆಳಕು ಹಿಡಿಯುವ ಪರದೆ (ರೆಟಿನಾ) ನಿಧಾನವಾಗಿ ಸೊರಗುವ ವಂಶದ ಕಾಯಿಲೆ ಇರುವವರು, ಪದೇ ಪದೇ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ. ಒಬ್ಬರು ಹನಿ ಕೊಟ್ಟರು, ಇನ್ನೊಂದು ಕಡೆ ಹೋದರೆ ಮಾತ್ರೆ ಬರೆದರು, ಮೂರನೆಯವರು ಕಣ್ಣಿಗೇ ಇಂಜೆಕ್ಷನ್ ಅಂದರು, ಈಗ ಯಾವುದನ್ನು ನಂಬೋದು?

ತಪ್ಪಾಗಿಲ್ಲ. ಡಬ್ಬಿಯೊಳಗಿನ ಚೀಟಿಯಲ್ಲಿ ಗ್ಲಾಕೋಮಾ ಅಂತಲೇ ಇರುತ್ತದೆ, ಯಾಕಂದ್ರೆ ಈ ಹನಿ, ಮಾತ್ರೆಗಳಿಗೆ ಅನುಮತಿ ಸಿಕ್ಕಿರುವುದು ಮುಖ್ಯವಾಗಿ ಕಣ್ಣಿನ ಒತ್ತಡಕ್ಕೆ. ಆರ್‌ಪಿಯಲ್ಲಿ ಇವನ್ನು ಕೊಡುವುದು ಮೂರೂವರೆ ದಶಕದ ಅಧ್ಯಯನಗಳ ಮೇಲೆ, ಡಾಕ್ಟರ ವಿವೇಚನೆಯ ಮೇಲೆ. ಬೇರೆ ದೇಶಗಳಲ್ಲೂ ಹೀಗೇ ನಡೆಯುತ್ತಿದೆ.

ನಾನು ಡಾಕ್ಟರಲ್ಲ. ಈ ವಿಷಯದ ಅಧ್ಯಯನಗಳನ್ನು ಓದಿಕೊಂಡು ಬಂದವನು ಅಷ್ಟೇ. ಯಾವ ಔಷಧಿ ತಗೊಳ್ಳಿ ಅಂತ ಹೇಳುವುದು ನನ್ನ ಕೆಲಸವಲ್ಲ. ಡಾಕ್ಟರ ಎದುರು ಕೂತಾಗ ಏನು ಕೇಳಬೇಕು, ಯಾವುದಕ್ಕೆ ಒಪ್ಪಬೇಕು, ಯಾವಾಗ "ಸಾಕು, ನಿಲ್ಲಿಸೋಣವಾ" ಅನ್ನಬೇಕು ಅನ್ನುವುದು ನಿಮಗೆ ಗೊತ್ತಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಈ ಔಷಧಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮೊದಲು ಮಾಡದೇ ಇರುವುದನ್ನು ಹೇಳಿಬಿಡುತ್ತೇನೆ. ಇವು ಆರ್‌ಪಿಯನ್ನು ನಿಲ್ಲಿಸುವುದಿಲ್ಲ. ಇರುಳುಗುರುಡು ಹೋಗುವುದಿಲ್ಲ, ಹೋದ ಸುತ್ತಲಿನ ನೋಟ ಮರಳಿ ಬರುವುದಿಲ್ಲ. ಆದರೆ ಆರ್‌ಪಿ ಇರುವ ಕೆಲವರಿಗೆ ರೆಟಿನಾದ ನಡುಭಾಗದಲ್ಲಿ, ಅಂದರೆ ಓದುವುದಕ್ಕೆ, ಮುಖ ಗುರುತಿಸುವುದಕ್ಕೆ ಬೇಕಾದ ಮ್ಯಾಕ್ಯುಲಾದಲ್ಲಿ, ನೀರು ತುಂಬಿ ಸಣ್ಣ ಸಣ್ಣ ಗುಳ್ಳೆಗಳಾಗುತ್ತವೆ. ಅದನ್ನು ಸಿಸ್ಟಾಯ್ಡ್ ಮ್ಯಾಕ್ಯುಲರ್ ಎಡೀಮಾ, ಚಿಕ್ಕದಾಗಿ ಸಿಎಂಇ ಅನ್ನುತ್ತಾರೆ. ಎಷ್ಟು ಜನಕ್ಕೆ ಬರುತ್ತದೆ ಅನ್ನುವ ಲೆಕ್ಕ ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗುತ್ತದೆ, ಶೇ 10ರಿಂದ 50ರವರೆಗೂ ಹೇಳಿದ್ದಾರೆ. ಸುತ್ತಲಿನ ನೋಟ ಹೋಗಿ ನಡುವಿನ ನೋಟವನ್ನೇ ನಂಬಿಕೊಂಡವರಿಗೆ ಅಲ್ಲೂ ನೀರು ನಿಂತರೆ ಎಷ್ಟು ಕಷ್ಟ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆರ್‌ಪಿಯಲ್ಲಿ ಔಷಧಿಯಿಂದ ಸರಿಮಾಡಬಹುದಾದ ವಿಷಯಗಳು ಕೆಲವೇ ಕೆಲವು, ಈ ನೀರು ಅದರಲ್ಲಿ ಒಂದು.

ಈ ಹನಿ, ಮಾತ್ರೆಗಳು ತಡೆಯುವುದು ಕಾರ್ಬೋನಿಕ್ ಅನ್‌ಹೈಡ್ರೇಸ್ ಅನ್ನುವ, ನಮ್ಮ ಮೈಯಲ್ಲಿ ಹಲವು ಕಡೆ ಇರುವ ಕಿಣ್ವವನ್ನು. ಇಂಗಾಲದ ಡೈಆಕ್ಸೈಡ್ ಮತ್ತು ನೀರು ಸೇರಿ ಬೈಕಾರ್ಬೊನೇಟ್ ಆಗುವ ಕೆಲಸವನ್ನು ಅದು ಬಹಳ ಬೇಗ ಮಾಡಿಸುತ್ತದೆ. ಕಿಡ್ನಿಯಲ್ಲಿದೆ, ರಕ್ತದಲ್ಲಿದೆ, ನಾಲಿಗೆಯಲ್ಲೂ ಇದೆ. ಕಣ್ಣಿನ ಮುಂಭಾಗದಲ್ಲಿ ಅದನ್ನು ತಡೆದರೆ ಕಣ್ಣೊಳಗೆ ಊರುವ ದ್ರವ ಕಡಿಮೆಯಾಗಿ ಒತ್ತಡ ಇಳಿಯುತ್ತದೆ. ಅದು ಗ್ಲಾಕೋಮಾ ಲೆಕ್ಕ. ಹಿಂಭಾಗದ ಲೆಕ್ಕ ಬೇರೆ. ರೆಟಿನಾದ ಹಿಂದೆ ಕಪ್ಪು ಬಣ್ಣದ ಜೀವಕೋಶಗಳ ಒಂದೇ ಒಂದು ಪದರ ಇದೆ, ಅದರ ಹೆಸರು ಆರ್‌ಪಿಇ. ತೋಟದಲ್ಲಿ ನಿಂತ ನೀರನ್ನು ಹೊರಗೆ ಹಾಕುವ ಪಂಪ್‌ಸೆಟ್ಟಿನ ಹಾಗೆ ಅದು ರೆಟಿನಾದ ನೀರನ್ನು ಎಳೆದು ಹಿಂದಿನ ರಕ್ತನಾಳಗಳ ಕಡೆ ಸಾಗಿಸುತ್ತಲೇ ಇರುತ್ತದೆ. ಆರ್‌ಪಿಯಲ್ಲಿ ಈ ಪದರ ಸೊರಗಿರುತ್ತದೆ. ಜೊತೆಗೆ ರಕ್ತನಾಳಗಳ ಸೋರಿಕೆ, ಸಣ್ಣ ಮಟ್ಟದ ಉರಿಯೂತ ಕೂಡ ಇರಬಹುದು. ಪದರದ ಮೇಲಿರುವ ಕಿಣ್ವವನ್ನು ತಡೆದಾಗ ಅದಕ್ಕೂ ರೆಟಿನಾಗೂ ನಡುವಿನ ಜಾಗ ಸ್ವಲ್ಪ ಹುಳಿಯಾಗುತ್ತದೆ, ಅಯಾನುಗಳ ಓಡಾಟ ಬದಲಾಗುತ್ತದೆ, ಅವುಗಳ ಜೊತೆ ನೀರೂ ಹೊರಗೆ ಜಾಸ್ತಿ ಹರಿಯುತ್ತದೆ.

ಸ್ವಲ್ಪ ಓದಿಕೊಂಡವರು ಇಲ್ಲಿ ಒಂದು ಜಾಣ ಪ್ರಶ್ನೆ ಕೇಳುತ್ತಾರೆ. ಸಿಎ4 ಅನ್ನುವ ಜೀನ್ ಇದೇ ಕಿಣ್ವದ ಒಂದು ಬಗೆಯನ್ನು ಮಾಡುತ್ತದೆ. ದಕ್ಷಿಣ ಆಫ್ರಿಕಾದ ಕುಟುಂಬಗಳಲ್ಲಿ ಕಂಡ ಆರ್‌ಪಿ17 ಎಂಬ ಆರ್‌ಪಿಗೆ ಆ ಜೀನ್ ಕೆಟ್ಟಿರುವುದೇ ಕಾರಣ ಅಂತ 2004ರಲ್ಲಿ ಪ್ರಕಟವಾಗಿತ್ತು. ಹಾಗಾದರೆ ಆ ಕಿಣ್ವವನ್ನು ನಾವೇ ತಡೆದರೆ ರೆಟಿನಾಗೆ ಕೆಟ್ಟದ್ದಲ್ವಾ? ಈ ಭಯಕ್ಕೆ 2020ರಲ್ಲಿ ದೊಡ್ಡ ತಿದ್ದುಪಡಿ ಬಂತು. ಆರ್‌ಪಿ17 ಕುಟುಂಬಗಳಲ್ಲಿ 17ನೇ ಕ್ರೋಮೋಸೋಮಿನ ಆ ಜಾಗದ ತುಂಡುಗಳೇ ಅದಲುಬದಲಾಗಿವೆ, ಅದರಿಂದ ಪಕ್ಕದ ಬೇರೆ ಜೀನ್ ರೆಟಿನಾದಲ್ಲಿ ಬೇಡದ ಕಡೆ ಕೆಲಸ ಶುರುಮಾಡುತ್ತದೆ ಅಂತ ಗೊತ್ತಾಯಿತು. ಸಿಎ4 ಮೇಲಿನ ಆರೋಪ ಅಲ್ಲಿಗೆ ಬಹಳ ಮಟ್ಟಿಗೆ ಬಿದ್ದುಹೋಯಿತು. ಈ ಒಂದು ಕಾರಣಕ್ಕೆ ಯಾರೂ ಹನಿ ಬೇಡ ಅನ್ನಬೇಕಾಗಿಲ್ಲ.

ಆಯ್ಕೆಗೆ ಮುಂಚೆ ನೋಡಬೇಕಾದದ್ದು

ನನ್ನ ಪ್ರಕಾರ ಐದು ವಿಷಯ ನೋಡಬೇಕು. ನಿಜವಾಗಿ ನೀರಿದೆಯಾ, ಕಾಯಿಲೆ ಯಾವ ಬಗೆಯದು, ನಿಮ್ಮ ಮೈ ಏನನ್ನು ತಡೆದುಕೊಳ್ಳುತ್ತದೆ, ದಿನವೂ ಬಿಡದೆ ಮಾಡಿಕೊಂಡು ಹೋಗಲು ನಿಮಗೆ ಆಗುತ್ತದಾ, ಕೆಲಸ ಮಾಡಿತು ಅಂತ ತೀರ್ಮಾನಿಸುವುದು ಹೇಗೆ. ಇದರಲ್ಲಿ ಮೊದಲನೆಯದು ಮತ್ತು ಕೊನೆಯದು ಬಹಳ ಮುಖ್ಯ. ಅವೆರಡನ್ನೇ ಜನ ಬಿಟ್ಟುಬಿಡುತ್ತಾರೆ.

ನೀರಿದೆಯಾ ಅನ್ನುವುದನ್ನು ಒಸಿಟಿ ಸ್ಕ್ಯಾನ್ ಹೇಳುತ್ತದೆ. ಗಲ್ಲ ಇಟ್ಟು ಕೂತರೆ ಕೆಲವು ನಿಮಿಷದ ಕೆಲಸ, ನೋವಿಲ್ಲ. ರಿಪೋರ್ಟಿನಲ್ಲಿ ರೆಟಿನಾದ ಅಡ್ಡಕೊಯ್ತದ ಚಿತ್ರ ಬರುತ್ತದೆ, ಅದರಲ್ಲಿ ಕಪ್ಪಗೆ ಕಾಣುವ ಗುಳ್ಳೆಗಳೇ ನೀರು. ಪಕ್ಕದಲ್ಲಿ ನಡುಭಾಗದ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಆ ಸಂಖ್ಯೆಯನ್ನು ಎರಡೂ ಕಣ್ಣಿಗೆ ಬರೆದಿಟ್ಟುಕೊಳ್ಳಿ. ಅದೇ ಚಿತ್ರದಲ್ಲಿ ಫೋಟೋರಿಸೆಪ್ಟರ್‌ಗಳ ಗೆರೆ ಇನ್ನೂ ಉಳಿದಿದೆಯಾ ಅಂತಲೂ ಡಾಕ್ಟರನ್ನು ಕೇಳಿ. ಬೆಳಕು ಹಿಡಿಯುವ ಕೋಶಗಳೇ ಅಲ್ಲಿ ಹೋಗಿದ್ದರೆ, ನೀರು ಒಣಗಿಸಿದರೂ ಅಕ್ಷರ ಕಾಣುವುದು ಕಷ್ಟ. ಗೆರೆ ಚೆನ್ನಾಗಿದ್ದು ನೀರು ಮಾತ್ರ ಇದ್ದರೆ, ಪ್ರಯತ್ನಕ್ಕೆ ಬೆಲೆ ಇದೆ.

ಕೆಲಸ ಮಾಡಿತು ಅನ್ನುವುದಕ್ಕೂ ಒಂದು ಅಳತೆ ಬೇಕು. ಒಂದೇ ಕಣ್ಣನ್ನು ಎರಡು ಸಲ ಸ್ಕ್ಯಾನ್ ಮಾಡಿದರೂ ಸಂಖ್ಯೆ ಚೂರು ಆಚೀಚೆ ಆಗುತ್ತದೆ. ಅದಕ್ಕೇ ಈ ಕ್ಷೇತ್ರದಲ್ಲಿ ಬಹಳ ಕೆಲಸ ಮಾಡಿದ ಶಿಕಾಗೋದ ಜೆರಾಲ್ಡ್ ಫಿಶ್‌ಮನ್ ತಂಡ, ದಪ್ಪ ಕನಿಷ್ಠ ಶೇ 11 ಇಳಿದರೆ ಮಾತ್ರ ಗುಣ ಕಂಡಿತು ಅಂತ ಲೆಕ್ಕ ಹಿಡಿಯಿತು. 400 ಮೈಕ್ರಾನ್ ಇದ್ದದ್ದು 356ಕ್ಕೆ ಬಂದರೆ ಗುಣ, 380ಕ್ಕೆ ಬಂದರೆ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಇನ್ನೊಂದು ಕಿತಾಪತಿ ಇದೆ. ಕಾಯಿಲೆ ಮುಂದುವರಿದು ರೆಟಿನಾ ತೆಳ್ಳಗಾದಾಗಲೂ ಸಂಖ್ಯೆ ಇಳಿಯುತ್ತದೆ. ಅದು ಔಷಧಿಯ ಗೆಲುವಲ್ಲ. ಹಾಗಾಗಿ ಸಂಖ್ಯೆಯ ಜೊತೆ ಗುಳ್ಳೆಗಳ ಚಿತ್ರ ಮತ್ತು ಅಕ್ಷರದ ಬೋರ್ಡಿನಲ್ಲಿ ಎಷ್ಟು ಓದಿದಿರಿ ಅನ್ನುವುದು ಮೂರನ್ನೂ ಸೇರಿಸಿ ನೋಡಬೇಕು. ಆದಷ್ಟು ಒಂದೇ ಕಡೆ, ಒಂದೇ ಮಷೀನಿನಲ್ಲಿ ಸ್ಕ್ಯಾನ್ ಮಾಡಿಸಿ. ಬೇರೆ ಬೇರೆ ಕಂಪನಿಯ ಮಷೀನುಗಳ ಸಂಖ್ಯೆಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ಅಸೆಟಜೋಲಮೈಡ್ ಮಾತ್ರೆ

ಎಲ್ಲಕ್ಕಿಂತ ಹಳೆಯದು ಇದು. 1950ರ ದಶಕದಿಂದ ಗ್ಲಾಕೋಮಾಗೆ ಬಳಕೆಯಲ್ಲಿದೆ. ಹಿಮಾಲಯಕ್ಕೆ ಟ್ರೆಕ್ಕಿಂಗ್ ಹೋದವರಿಗೆ ಡಯಾಮಾಕ್ಸ್ ಅಂದರೆ ಥಟ್ಟನೆ ಗೊತ್ತಾಗುತ್ತದೆ, ಅದೇ ಮಾತ್ರೆ. ಮ್ಯಾಕ್ಯುಲಾದ ಹಳೆಯ ಊತಕ್ಕೆ ಇದನ್ನು ಕೊಟ್ಟು ನೋಡಿದ ಲಂಡನ್ನಿನ ಕಾಕ್ಸ್, ಹೇ ಮತ್ತು ಬರ್ಡ್ ಅವರ ವರದಿ ಬಂದದ್ದು 1988ರಲ್ಲಿ. ಮರುವರ್ಷ ಫಿಶ್‌ಮನ್ ತಂಡ ಆರ್‌ಪಿ ರೋಗಿಗಳ ಮೇಲೇ ಅಧ್ಯಯನ ಮಾಡಿ, ಹೆಚ್ಚಿನವರಿಗೆ ನೋಟ ಸುಧಾರಿಸಿತು ಅಂತ ಬರೆಯಿತು. ಆಗ ಒಸಿಟಿ ಇರಲಿಲ್ಲ, ಕೈಗೆ ಬಣ್ಣದ ಇಂಜೆಕ್ಷನ್ ಕೊಟ್ಟು ಕಣ್ಣಿನ ಫೋಟೋ ತೆಗೆಯುತ್ತಿದ್ದರು. ವಿಚಿತ್ರ ಅಂದರೆ, ನೋಟ ಸುಧಾರಿಸಿದವರಲ್ಲಿ ಎಲ್ಲರಿಗೂ ಫೋಟೋದಲ್ಲಿ ಸೋರಿಕೆ ಕಡಿಮೆಯಾಗಿರಲಿಲ್ಲ. ಔಷಧಿ ಸೋರಿಕೆಯನ್ನು ಮುಚ್ಚುವುದಕ್ಕಿಂತ ನೀರನ್ನು ಹೊರಗೆ ಸಾಗಿಸುವುದರಲ್ಲೇ ಜಾಸ್ತಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದು ಹೊಂದುತ್ತದೆ.

ಮಾತ್ರೆಯ ಬಲ ಏನು? ರಕ್ತದ ಮೂಲಕ ನೇರ ಕಣ್ಣಿನ ಹಿಂಭಾಗಕ್ಕೇ ಹೋಗುತ್ತದೆ. ಬೆಲೆ ಕಡಿಮೆ. ಹನಿ ಹಾಕಿಕೊಳ್ಳಲು ಕೈ ನಡುಗುವವರಿಗೆ, ಬಾಟಲಿಯ ತುದಿಯೇ ಸರಿಯಾಗಿ ಕಾಣದವರಿಗೆ, ನುಂಗುವುದು ಸುಲಭ. ಸಾಮಾನ್ಯವಾಗಿ 250 ಮಿಲಿಗ್ರಾಂ ದಿನಕ್ಕೆ ಎರಡು, ಅಥವಾ ಡಾಕ್ಟರು ಹೇಳಿದಷ್ಟು.

ತೊಂದರೆ ಏನಂದ್ರೆ, ಈ ಕಿಣ್ವ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಮಾತ್ರೆ ಕೈಯಾಡಿಸುತ್ತದೆ. ಬೆರಳ ತುದಿ, ತುಟಿ, ಪಾದ ಜುಮ್ಮೆನ್ನುತ್ತವೆ. ಮೂತ್ರಕ್ಕೆ ಎದ್ದೆದ್ದು ಹೋಗಬೇಕು. ಸುಸ್ತು, ಊಟ ಸೇರುವುದಿಲ್ಲ, ತೂಕ ಇಳಿಯುತ್ತದೆ. ಗೋಲಿ ಸೋಡಾ ಕುಡಿದು ನೋಡಿ, ಆ ಚುರುಕು ಹೋಗಿ ಸಪ್ಪೆಯೋ ಕಹಿಯೋ ಅನಿಸುತ್ತದೆ. ನಾಲಿಗೆಯಲ್ಲಿ ಸೋಡಾದ ಗ್ಯಾಸನ್ನು ಗುರುತಿಸುವುದೂ ಇದೇ ಕಿಣ್ವ, ಅದಕ್ಕೇ ಹಾಗೆ. ಇವೆಲ್ಲ ಕಿರಿಕಿರಿ, ಅಪಾಯವಲ್ಲ. ಅಪಾಯದವು ಬೇರೆ ಇವೆ: ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುವುದು, ರಕ್ತ ಹುಳಿಯಾಗುವುದು, ಕಿಡ್ನಿಯಲ್ಲಿ ಕಲ್ಲು. ತೀರಾ ಅಪರೂಪಕ್ಕೆ ಚರ್ಮದ ಗಂಭೀರ ಅಲರ್ಜಿ, ರಕ್ತಕಣಗಳೇ ಕುಸಿಯುವ ತೊಂದರೆ. ಹಾಗಾಗಿ ಕಿಡ್ನಿ ಅಥವಾ ಲಿವರ್ ಕೆಟ್ಟಿರುವವರಿಗೆ ಇದು ಸಲ್ಲದು. ಕಲ್ಲಾದವರು ಮೊದಲೇ ಹೇಳಬೇಕು. ಗರ್ಭಿಣಿಯರು, ಮಗುವಿಗೆ ಯೋಚಿಸುತ್ತಿರುವವರು ಕೂಡ. ಮೈಗ್ರೇನಿಗೆ ಟೋಪಿರಾಮೇಟ್ ತಗೊಳ್ಳುತ್ತಿದ್ದರೆ ಅದೂ ಇದೇ ಕಿಣ್ವವನ್ನು ಸ್ವಲ್ಪ ತಡೆಯುತ್ತದೆ, ಎರಡೂ ಸೇರಿದರೆ ಕಲ್ಲಿನ ಭಯ ಜಾಸ್ತಿ. ಆಸ್ಪಿರಿನ್ ಜಾಸ್ತಿ ಪ್ರಮಾಣದಲ್ಲಿ ತಗೊಳ್ಳುವವರೂ ಹೇಳಲೇಬೇಕು. ಎಳನೀರು, ಬಾಳೆಹಣ್ಣು ತಿಂದರೆ ಪೊಟ್ಯಾಸಿಯಂ ಸರಿಹೋಗುತ್ತದೆ ಅಂತ ರಕ್ತಪರೀಕ್ಷೆ ತಪ್ಪಿಸಬೇಡಿ.

ಟ್ರೆಕ್ಕಿಂಗ್‌ನವರು ಆರಾಮಾಗಿ ನುಂಗುತ್ತಾರಲ್ವಾ ಅನ್ನುವವರಿಗೆ ಒಂದು ಮಾತು. ಅವರು ತಗೊಳ್ಳುವುದು ಕೆಲವೇ ದಿನ. ನಮ್ಮದು ತಿಂಗಳುಗಟ್ಟಲೆಯ ವ್ಯವಹಾರ.

ಡೋರ್ಜೋಲಮೈಡ್ ಹನಿ

ಶೇ 2ರ ಈ ಹನಿಗೆ ಅಮೆರಿಕದಲ್ಲಿ ಗ್ಲಾಕೋಮಾಗೆ ಅನುಮತಿ ಸಿಕ್ಕಿದ್ದು 1994ರ ಕೊನೆಗೆ. ಮಾತ್ರೆಯ ಕಾಟ ತಪ್ಪಿಸಬಹುದಲ್ಲ ಅಂತ ಆರ್‌ಪಿ ಡಾಕ್ಟರು ಬೇಗನೇ ಇದರ ಕಡೆ ತಿರುಗಿದರು. 1997ರ ಒಂದು ಚಿಕ್ಕ ಹೋಲಿಕೆಯಲ್ಲಿ ಮಾತ್ರೆಯೇ ಮೇಲು ಅನಿಸಿತ್ತು. ಆಮೇಲೆ ಹನಿಯನ್ನು ತಿಂಗಳುಗಟ್ಟಲೆ ಹಾಕಿ ನೋಡಿದಾಗ ಚಿತ್ರ ಬದಲಾಯಿತು. ಜೆನೀಡ್ ಮತ್ತು ಫಿಶ್‌ಮನ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರ್‌ಪಿ ಅಥವಾ ಅಶರ್ ಸಿಂಡ್ರೋಮ್ (ಆರ್‌ಪಿ ಜೊತೆ ಕಿವಿಯೂ ಮಂದವಾಗುವ ಕಾಯಿಲೆ) ಇದ್ದ 32 ಜನರಿದ್ದರು. ಅವರಲ್ಲಿ 20 ಜನರಿಗೆ ಕನಿಷ್ಠ ಒಂದು ಕಣ್ಣಿನಲ್ಲಿ ಊತ ಇಳಿಯಿತು. ಬೋರ್ಡಿನಲ್ಲಿ ಏಳು ಅಥವಾ ಹೆಚ್ಚು ಅಕ್ಷರ ಜಾಸ್ತಿ ಓದಿದವರು ಮಾತ್ರ 10 ಜನ. ಅಂದರೆ ನೀರು ಇಳಿದವರಲ್ಲೂ ಎಲ್ಲರಿಗೂ ಓದುವುದು ಸುಧಾರಿಸಲಿಲ್ಲ. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಡಾಕ್ಟರ ಹತ್ತಿರ ಹೋಗುವ ಮುಂಚೆ ಮನಸ್ಸಿನಲ್ಲಿಟ್ಟುಕೊಂಡರೆ ಆಮೇಲೆ ಬೇಜಾರು ಕಡಿಮೆ.

ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಯ 2015ರ ಲೆಕ್ಕ ಇನ್ನೂ ಹುಷಾರಾಗಿದೆ. ಅಲ್ಲಿ 81 ರೋಗಿಗಳ ದಾಖಲೆ ತೆಗೆದು ನೋಡಿದರು. ಹನಿ ಹಾಕಿದ ಕಣ್ಣುಗಳಲ್ಲಿ ಸುಮಾರು ಶೇ 40, ಮಾತ್ರೆ ತಗೊಂಡವರ ಕಣ್ಣುಗಳಲ್ಲಿ ಅದಕ್ಕಿಂತ ಕಡಿಮೆ, ಶೇ 30ರ ಒಳಗೆ, ಗುಣ ಕಂಡಿತು. ಇದರಿಂದ ಹನಿಯೇ ಬಲಶಾಲಿ ಅಂತ ತಿಳಿಯಬೇಡಿ. ಮಾತ್ರೆ ತಗೊಂಡವರು ಅಲ್ಲಿ ಕೆಲವೇ ಜನ, ಮತ್ತು ಇಂಥ ಕಡೆ ಸುಲಭಕ್ಕೆ ಇಳಿಯದ ಊತದವರಿಗೇ ಮಾತ್ರೆ ಬರೆಯುವುದು ರೂಢಿ. ಚೀಟಿ ಎತ್ತಿ ಗುಂಪು ಮಾಡಿದ ದೊಡ್ಡ ಪ್ರಯೋಗ ಅದಾಗಿರಲಿಲ್ಲ. ಈ ಇಡೀ ಕ್ಷೇತ್ರದ ಬಲಹೀನತೆಯೇ ಅದು. ಹೆಚ್ಚಿನವು ಹಳೆಯ ದಾಖಲೆ ನೋಡಿದ ಅಥವಾ ಹತ್ತಿಪ್ಪತ್ತು ಜನರ ಅಧ್ಯಯನಗಳು, ಊತವೋ ತನ್ನಷ್ಟಕ್ಕೇ ಏರಿ ಇಳಿಯುವ ಜಾತಿಯದು.

ಮೂರ್‌ಫೀಲ್ಡ್ಸ್‌ನ ಆ ಅಧ್ಯಯನದಲ್ಲಿ ನಮ್ಮ ಕಡೆಯವರಿಗೆ ಬೇಕಾದ ಇನ್ನೊಂದು ಅಂಶ ಇದೆ. ಅಪ್ಪ ಅಮ್ಮ ಇಬ್ಬರಿಂದಲೂ ಬರುವ ರಿಸೆಸಿವ್ ಬಗೆಯ ಆರ್‌ಪಿ ಇದ್ದವರಿಗೆ ಗುಣ ಚೆನ್ನಾಗಿ ಕಂಡಿತು. ಶುರುವಿನಲ್ಲಿ ಊತ ಜಾಸ್ತಿ ಇದ್ದವರಿಗೂ ಅಷ್ಟೇ. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ರೂಢಿಯಿರುವ ಮನೆತನಗಳಲ್ಲಿ ರಿಸೆಸಿವ್ ಕಾಯಿಲೆಗಳೇ ಹೆಚ್ಚು. ಹಾಗಾಗಿ ವಂಶದ ವಿವರ ಡಾಕ್ಟರು ಕೇಳಿದಾಗ ಮುಚ್ಚಿಡಬೇಡಿ.

ಹನಿಯ ಕಷ್ಟಗಳು ಸಣ್ಣವು, ಆದರೆ ದಿನಕ್ಕೆ ಮೂರು ಸಲದವು. ಈ ಹನಿ ಸ್ವಲ್ಪ ಆಮ್ಲೀಯ, ಕಣ್ಣು ಉರಿಯುತ್ತದೆ. ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿ ಬರುತ್ತದೆ, ಯಾಕಂದ್ರೆ ಕಣ್ಣೀರಿನ ದಾರಿಯಿಂದ ಅದು ಮೂಗಿಗೆ ಇಳಿಯುತ್ತದೆ. ಒಂದೇ ಹನಿ ಹಾಕಿ, ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಕಹಿ ಕಡಿಮೆಯಾಗುತ್ತದೆ, ಔಷಧಿಯೂ ಕಣ್ಣಿನಲ್ಲೇ ಉಳಿಯುತ್ತದೆ. ಸಲ್ಫಾ ಅಲರ್ಜಿ ಇದ್ದವರು ಹನಿಗೂ ಮುಂಚೆ ಹೇಳಬೇಕು, ಇದೂ ಸಲ್ಫಾ ಗುಂಪಿಗೇ ಸೇರಿದ್ದು. ಸಲ್ಫಾ ಆಂಟಿಬಯಾಟಿಕ್ ಆಗದವರಿಗೆಲ್ಲ ಇದೂ ಆಗುವುದಿಲ್ಲ ಅಂತೇನಿಲ್ಲ, ಆದರೆ ತೀರ್ಮಾನ ಡಾಕ್ಟರದ್ದು. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಸೊರಗಿರುವವರಿಗೂ ಎಚ್ಚರ ಬೇಕು.

ಖರ್ಚಿನ ಲೆಕ್ಕ ಮಾಡೋಣ. 5 ಮಿಲಿಲೀಟರಿನ ಬಾಟಲಿಯಲ್ಲಿ ಸುಮಾರು 100ರಿಂದ 150 ಹನಿ. ಎರಡು ಕಣ್ಣು, ದಿನಕ್ಕೆ ಮೂರು ಸಲ ಅಂದರೆ ಆರು ಹನಿ. ಗುರಿ ತಪ್ಪಿ ಕೆನ್ನೆಗೆ ಬಿದ್ದದ್ದು ಬೇರೆ. ಅಂದರೆ ಎರಡು ಮೂರು ವಾರಕ್ಕೆ ಒಂದು ಬಾಟಲಿ. ಪ್ರತಿ ತಿಂಗಳೂ ಕೆಲವು ನೂರು ರೂಪಾಯಿ ಹೋಗುತ್ತದೆ. ಕಂಪನಿಯಿಂದ ಕಂಪನಿಗೆ ಬೆಲೆ ಬಹಳ ಬದಲಾಗುತ್ತದೆ, ಹಾಗಾಗಿ ಔಷಧಿಯ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲೂ ಕೇಳಿ ನೋಡಿ.

ಬ್ರಿಂಜೋಲಮೈಡ್ ಹನಿ

ಶೇ 1ರ ಹನಿ, ಅದೇ ಜಾತಿಯದು. ಇದರ ಆಮ್ಲೀಯತೆ ಕಣ್ಣೀರಿಗೆ ಹತ್ತಿರ, ಹಾಗಾಗಿ ಉರಿ ಕಡಿಮೆ. ಬದಲಿಗೆ ಇದು ಹಾಲಿನಂಥ ಬಿಳಿ ದ್ರವ. ಹಾಕಿದ ಮೇಲೆ ಸ್ವಲ್ಪ ಹೊತ್ತು ಮಂಜು ಕವಿದ ಹಾಗಿರುತ್ತದೆ, ರೆಪ್ಪೆಯ ಅಂಚಿಗೆ ಬಿಳಿ ಕೂರುತ್ತದೆ, ಬಾಟಲಿಯನ್ನು ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಬೇಕು. ಜಪಾನಿನಲ್ಲಿ ಆರ್‌ಪಿ ರೋಗಿಗಳ ಮೇಲೆ ನೋಡಿ ಗುಣ ಕಂಡಿದ್ದಾರೆ, ಆದರೆ ಡೋರ್ಜೋಲಮೈಡಿನಷ್ಟು ಪುರಾವೆ ಇದಕ್ಕಿಲ್ಲ. ಉರಿಗೆ ಹೆದರಿ ಹನಿಯನ್ನೇ ಬಿಡುವವರಿಗೆ, ಮಕ್ಕಳಿಗೆ, ಇದು ಒಳ್ಳೆಯ ಎರಡನೇ ದಾರಿ. ಬಿಡದೆ ಹಾಕುವ ಹನಿ, ಬಿಟ್ಟುಬಿಡುವ ಹನಿಗಿಂತ ಯಾವಾಗಲೂ ಮೇಲು.

ಇಂಜೆಕ್ಷನ್

ಕಣ್ಣೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಅಥವಾ ನಿಧಾನವಾಗಿ ಕರಗುವ ಡೆಕ್ಸಾಮೆಥಾಸೋನ್ ಇಂಪ್ಲಾಂಟ್ ಹಾಕಿದರೆ ಊತ ಬೇಗ, ಚೆನ್ನಾಗಿ ಇಳಿಯುವುದುಂಟು. ಆದರೆ ಪರಿಣಾಮ ಕೆಲವೇ ತಿಂಗಳು, ಆಮೇಲೆ ಮತ್ತೆ ನೀರು, ಮತ್ತೆ ಇಂಜೆಕ್ಷನ್. ಪ್ರತಿ ಸಲ ಕಣ್ಣಿನ ಒತ್ತಡ ಏರುವ ಭಯ, ಪೊರೆ ಬೇಗ ಬೆಳೆಯುವ ಭಯ. ಆರ್‌ಪಿ ಇರುವವರಿಗೆ ಪೊರೆ ಮೊದಲೇ ಬೇಗ ಬರುತ್ತದೆ, ಅದಕ್ಕೆ ಇದೂ ಸೇರಿಕೊಳ್ಳುತ್ತದೆ. ಇಂಪ್ಲಾಂಟ್ ಬೆಲೆ ಸಾವಿರಗಳ ಲೆಕ್ಕ. ಸಕ್ಕರೆ ಕಾಯಿಲೆಯ ಊತಕ್ಕೆ ಕೊಡುವ, ವಿಇಜಿಎಫ್ (ರಕ್ತನಾಳ ಬೆಳೆಸುವ, ಸೋರುವಂತೆ ಮಾಡುವ ಪ್ರೋಟೀನ್) ತಡೆಯುವ ಇಂಜೆಕ್ಷನ್‌ಗಳನ್ನೂ ಇಲ್ಲಿ ಪ್ರಯತ್ನಿಸಿದ್ದಾರೆ. ಫಲಿತಾಂಶ ಒಂದೇ ಥರ ಇಲ್ಲ. ಆರ್‌ಪಿ ಕಣ್ಣಿನ ಮುಂಭಾಗದ ದ್ರವದಲ್ಲಿ ವಿಇಜಿಎಫ್ ಕಡಿಮೆಯೇ ಇದೆ ಅಂತ 2008ರ ಒಂದು ಅಧ್ಯಯನ ತೋರಿಸಿತ್ತು, ಹಾಗಾಗಿ ಅದನ್ನು ತಡೆದು ಎಷ್ಟು ಲಾಭ ಅನ್ನುವ ಅನುಮಾನ ನನಗೂ ಇದೆ.

ಹನಿ, ಮಾತ್ರೆ ಎರಡೂ ನೋಡಿ ಸೋತ ಮೇಲಷ್ಟೇ ಇಂಜೆಕ್ಷನ್ ಮಾತು. ಯಾರಾದರೂ ಅದನ್ನೇ ಮೊದಲ ದಿನ ಹೇಳಿದರೆ, ಹನಿಯಿಂದ ಶುರುಮಾಡದಿರಲು ಕಾರಣವೇನು ಅಂತ ಕೇಳಿ. ಕಾರಣ ಇರಬಹುದು, ಉರಿಯೂತ ಜಾಸ್ತಿ ಕಂಡಿರಬಹುದು. ಆದರೆ ಕೇಳಿ.

ಮತ್ತೆ ನೀರು ಬಂದರೆ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ. ಹನಿಯೋ ಮಾತ್ರೆಯೋ ಚೆನ್ನಾಗಿ ಕೆಲಸ ಮಾಡಿ, ಕೆಲವು ತಿಂಗಳಾದ ಮೇಲೆ ಔಷಧಿ ನಡೆಯುತ್ತಿರುವಾಗಲೇ ಊತ ಮರಳಿ ಬರುವುದುಂಟು. 2010ರ ಆ ಅಧ್ಯಯನದಲ್ಲೂ ಗುಣ ಕಂಡ ಕೆಲವರಿಗೆ ಹೀಗಾಯಿತು. ಆಗ ನೀವೇ ಹನಿ ಜಾಸ್ತಿ ಮಾಡಿಕೊಳ್ಳಬೇಡಿ. ಡಾಕ್ಟರು ಔಷಧಿಯನ್ನು ಕೆಲವು ಕಾಲ ನಿಲ್ಲಿಸಿ ಮತ್ತೆ ಶುರುಮಾಡಬಹುದು, ಹಾಗೆ ಮಾಡಿದಾಗ ಮತ್ತೆ ಗುಣ ಕಂಡ ರೋಗಿಗಳ ವಿವರವನ್ನು ತೋಬಾನಿ ಮತ್ತು ಫಿಶ್‌ಮನ್ 2011ರಲ್ಲಿ ಪ್ರಕಟಿಸಿದ್ದಾರೆ. ಹನಿಯಿಂದ ಮಾತ್ರೆಗೆ, ಮಾತ್ರೆಯಿಂದ ಹನಿಗೆ ಬದಲಿಸುವ ದಾರಿಯೂ ಇದೆ.

ಹುಡುಗರ ಕಾಯಿಲೆ: ಎಕ್ಸ್ ಲಿಂಕ್ಡ್ ರೆಟಿನೋಸ್ಕೈಸಿಸ್

ಈ ಔಷಧಿಗಳು ನೆರವಾಗುವ ಇನ್ನೊಂದು ಮುಖ್ಯ ಕಾಯಿಲೆ ಇದು. ಆರ್‌ಎಸ್1 ಅನ್ನುವ ಜೀನ್ ಕೆಟ್ಟಿರುತ್ತದೆ, ಅದನ್ನು ಗುರುತಿಸಿದ್ದು 1997ರಲ್ಲಿ. ರೆಟಿನಾದ ಪದರಗಳನ್ನು ಅಂಟಿಸಿ ಹಿಡಿಯುವ ಪ್ರೋಟೀನ್ ಸರಿಯಿಲ್ಲದೆ ಪದರ ಸೀಳುತ್ತದೆ, ನಡುವೆ ದ್ರವ ತುಂಬಿದ ಗೂಡುಗಳಾಗುತ್ತವೆ. ಗಂಡುಮಕ್ಕಳಿಗೆ ಬರುತ್ತದೆ, ತಾಯಿಯ ಕಡೆಯಿಂದ ಬರುತ್ತದೆ, ಹಾಗಾಗಿ ಸೋದರಮಾವನಿಗೂ ಚಿಕ್ಕಂದಿನಿಂದ ಕಣ್ಣು ಮಂದವಿತ್ತಾ ಅಂತ ವಿಚಾರಿಸಿ. ಶಾಲೆಯಲ್ಲಿ ಬೋರ್ಡ್ ಕಾಣುತ್ತಿಲ್ಲ, ಕನ್ನಡಕ ಹಾಕಿದರೂ ಸರಿಹೋಗುತ್ತಿಲ್ಲ ಅಂದಾಗ ಗೊತ್ತಾಗುವುದೇ ಜಾಸ್ತಿ.

ಇಲ್ಲೂ ಡೋರ್ಜೋಲಮೈಡ್ ಹನಿಯೇ ಮೊದಲು. 2010ರಲ್ಲಿ 15 ರೋಗಿಗಳ ಮೇಲೆ ನೋಡಿದಾಗ ಸುಮಾರು ಮೂರರಲ್ಲಿ ಎರಡು ಕಣ್ಣುಗಳಲ್ಲಿ ಗೂಡುಗಳು ಕುಗ್ಗಿದವು. ಬೆಳೆಯುವ ಮಗುವಿಗೆ ತಿಂಗಳುಗಟ್ಟಲೆ ಮಾತ್ರೆ ಅಂದರೆ ನಾನಂತೂ ಮೊದಲು ಹನಿಯನ್ನೇ ಕೇಳುತ್ತೇನೆ. ಕಣ್ಣಿಗೆ ಪೆಟ್ಟು ಬೀಳುವ ಆಟಗಳಿಂದ ದೂರ ಇಡಿ ಅಂತ ಡಾಕ್ಟರು ಹೇಳಿದರೆ ಅದನ್ನು ಔಷಧಿಯಷ್ಟೇ ಗಂಭೀರವಾಗಿ ತಗೊಳ್ಳಿ, ಈ ರೆಟಿನಾ ಬೇಗ ಕಿತ್ತುಬರುತ್ತದೆ, ಒಳಗೆ ರಕ್ತ ಸೋರುವ ಅಪಾಯವೂ ಇದೆ.

ಹಾಗಾದರೆ ಯಾರಿಗೆ ಯಾವುದು

ನೀರಿದೆ, ಆದರೆ ಓದುವುದಕ್ಕೆ ಇನ್ನೂ ತೊಂದರೆಯಿಲ್ಲ, ಊತವೂ ಸ್ವಲ್ಪ. ಇಂಥವರು ಕೆಲವು ತಿಂಗಳು ಸುಮ್ನೆ ಕಾದು ಮತ್ತೆ ಸ್ಕ್ಯಾನ್ ಮಾಡಿಸಿದರೂ ತಪ್ಪಲ್ಲ. ಅದೂ ಒಂದು ಆಯ್ಕೆಯೇ.

ನೀರಿದೆ, ಅಕ್ಷರ ಮಸುಕಾಗಿದೆ, ಬೇರೆ ಕಾಯಿಲೆ ಇಲ್ಲ. ಡೋರ್ಜೋಲಮೈಡ್ ಹನಿಯಿಂದ ಶುರು. ಒಂದರಿಂದ ಮೂರು ತಿಂಗಳೊಳಗೆ ಮತ್ತೆ ಸ್ಕ್ಯಾನ್. ಆ ತಾರೀಕನ್ನು ಮೊದಲ ದಿನವೇ ಬರೆಸಿಕೊಳ್ಳಿ. ಹಾಗೆ ಮಾಡದಿದ್ದರೆ ವರ್ಷಗಟ್ಟಲೆ ಹನಿ ಹಾಕಿಕೊಂಡೇ ಇರುತ್ತೀರಿ, ಅದು ಕೆಲಸ ಮಾಡುತ್ತಿದೆಯಾ ಅಂತ ಯಾರಿಗೂ ಗೊತ್ತಿರುವುದಿಲ್ಲ. ಶೇ 11ರ ಅಳತೆ ದಾಟದಿದ್ದರೆ, ಕಿಡ್ನಿ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ, ಮಾತ್ರೆಯನ್ನು ಗೊತ್ತಾದ ಅವಧಿಗೆ ಪ್ರಯತ್ನಿಸುವ ಬಗ್ಗೆ ಕೇಳಬಹುದು.

ಕೈಯಲ್ಲಿ ದುಡ್ಡು ಕಡಿಮೆ, ಕಿಡ್ನಿ ಚೆನ್ನಾಗಿದೆ, ವಯಸ್ಸು ಚಿಕ್ಕದು. ಮಾತ್ರೆ ಅಗ್ಗ ಅನಿಸುತ್ತದೆ, ಆದರೆ ರಕ್ತಪರೀಕ್ಷೆಯ ಖರ್ಚನ್ನೂ ಸೇರಿಸಿಕೊಂಡು ನೋಡಿ. ತಾಲ್ಲೂಕಿನಿಂದ ಬೆಂಗಳೂರಿಗೋ ಹುಬ್ಬಳ್ಳಿಗೋ ಬಂದುಹೋಗುವವರಿಗೆ ಬಸ್ಸು, ಜೊತೆಗೆ ಬರುವವರ ಒಂದು ದಿನದ ಕೂಲಿ, ಇವೇ ಔಷಧಿಗಿಂತ ಜಾಸ್ತಿ. ರಕ್ತಪರೀಕ್ಷೆಯನ್ನು ಊರ ಹತ್ತಿರವೇ ಮಾಡಿಸಿ ರಿಪೋರ್ಟ್ ಕಳಿಸಲು ಆಗುತ್ತದಾ ಅಂತ ಕೇಳಿ, ಎಷ್ಟೋ ಡಾಕ್ಟರು ಒಪ್ಪುತ್ತಾರೆ.

ವಯಸ್ಸಾದವರು, ಕಿಡ್ನಿ ಕಲ್ಲು ಆದವರು, ಬಿಪಿಗೆ ಮೂತ್ರ ಜಾಸ್ತಿ ಮಾಡುವ ಮಾತ್ರೆ ತಗೊಳ್ಳುವವರು ಹನಿಯಲ್ಲೇ ಉಳಿಯುವುದು ಕ್ಷೇಮ. ಕೆಲವು ಬಿಪಿ ಮಾತ್ರೆಗಳೂ ಪೊಟ್ಯಾಸಿಯಂ ಇಳಿಸುತ್ತವೆ. ಗರ್ಭಿಣಿಯರು ಹನಿಯನ್ನೂ ಕೇಳದೆ ಮುಂದುವರಿಸಬಾರದು.

ಇನ್ನು ಮೆಡಿಕಲ್ ಶಾಪಿನ ವಿಷಯ. ಡೋರ್ಜೋಲಮೈಡ್ ಎರಡು ಥರ ಸಿಗುತ್ತದೆ, ಬರೀ ಡೋರ್ಜೋಲಮೈಡ್ ಮತ್ತು ಟಿಮೊಲಾಲ್ ಸೇರಿದ್ದು. ಬಾಟಲಿ, ಡಬ್ಬಿ ನೋಡಲು ಹೆಚ್ಚೂಕಡಿಮೆ ಒಂದೇ ಥರ. ಟಿಮೊಲಾಲ್ ಗ್ಲಾಕೋಮಾಗೆ ಸರಿ, ಆರ್‌ಪಿಯ ನೀರಿಗೆ ಅದರಿಂದ ಏನೂ ಬೇಕಾಗಿಲ್ಲ. ಅಸ್ತಮಾ ಇರುವವರಿಗೆ, ಹೃದಯದ ಬಡಿತ ನಿಧಾನ ಇರುವವರಿಗೆ ಅದು ಕಣ್ಣಿಗೆ ಹಾಕಿದರೂ ಅಪಾಯ. "ಅದಿಲ್ಲ, ಇದೂ ಅದೇ" ಅಂತ ಬದಲಿ ಕೊಟ್ಟರೆ ಅಲ್ಲೇ ನಿಂತು ಡಬ್ಬಿಯ ಮೇಲಿನ ಹೆಸರನ್ನು ಯಾರಿಂದಲಾದರೂ ಓದಿಸಿ. ಟಿ ಅಕ್ಷರ ಸೇರಿಕೊಂಡಿದ್ದರೆ ವಾಪಸ್ ಕೊಟ್ಟು ಬೇರೆ ಅಂಗಡಿ ನೋಡಿ.